ಇಂಗ್ಲಂಡದ ಸಂರಕ್ಷಕ ಪಕ್ಷದ ಚರಿತ್ರೆ



ಹಳೆಯದನ್ನು ಕಾಯುವ ಪಕ್ಷವೆಂದೊಡನೆ ನಮ್ಮಲ್ಲಿ ಬಹುಜನರು ಅದನ್ನು ಪ್ರಗತಿಯ ಕಾಲಿಗೆ ಕಟ್ಟಿದ ಕಲ್ಲೆಂದು ತಿಳಿಯುತ್ತಾರೆ. ಈ ತಿಳಿವಳಿಕೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ನೋಡುವುದಕ್ಕಾಗಿ, ಪಾರ್ಲಿಮೆಂಟು ಪದ್ಧತಿಯ ತವರಾದ ಇಂಗ್ಲಂಡದಲ್ಲಿ ಅಂಥ ಪಕ್ಷವೊಂದು ಹೇಗೆ ಹುಟ್ಟಿ, ಹೇಗೆ ಸೋತು, ಹೇಗೆ ಬದುಕಿಕೊಂಡಿತೆಂಬುದನ್ನು ವಿಚಾರಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಕಥೆ ಪರದೇಶದ್ದಾದರೂ ನಮ್ಮ ನಾಡಿನ ಅದೃಷ್ಟವೂ ಇದರೊಡನೆ ಹೆಣೆದುಕೊಂಡಿದ್ದುಂಟು.

ಎರಡನೆಯ ಚಾರ್ಲ್ಸ್ ದೊರೆಯ ತಮ್ಮನಾದ ಜೇಮ್ಸನು ಕ್ಯಾಥೊಲಿಕ ಮತದವನೆಂಬ ಕಾರಣದಿಂದ ಅವನಿಗೆ ಪಟ್ಟ ಸಲ್ಲಕೂಡದೆಂದು 1679ರಿಂದ 1681ರ ವರೆಗೆ ಒಂದು ಗುಂಪು ಹಟ ಹಿಡಿಯಿತು. ವಂಶಕ್ರಮವನ್ನು ಮುರಿಯಲಾಗದೆಂದು ಇನ್ನೊಂದು ಗುಂಪು ಎದುರು ನಿಂತಿತು. ಮೊದಲಿನವರಿಗೆ ವಿಗ್ಗರೆಂದೂ ಎರಡನೆಯವರಿಗೆ ಟೋರಿಗಳೆಂದೂ ಪರಸ್ಪರರೇ ಹೆಸರಿಟ್ಟರು. ಟೋರಿ ಎಂಬ ಶಬ್ದಕ್ಕೆ ಐರ್ಲಂಡದ ದಾರಿಗಳ್ಳನೆಂಬ ಅರ್ಥವಿತ್ತು. ಬೈಗುಳವೇ ಮುಂದೆ ಬಿರುದಾಯಿತು. ಅರಸ, ಚರ್ಚು, ಭೂಸ್ವಾಮ್ಯ, ಈ ಮೂರರ ರಕ್ಷಣೆಯೇ ತಮ್ಮ ಧರ್ಮವೆಂದು ಟೋರಿಗಳು ಬಗೆದರು.

1828ರಲ್ಲಿ ಈ ಪಕ್ಷದಿಂದ ಪ್ರಧಾನಿಯಾದವನು ವೆಲಿಂಗ್ಟನ್ನಿನ ಡ್ಯೂಕನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿಯ ಸೈನ್ಯಾಧಿಕಾರವನ್ನು ವಹಿಸಿ, 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಮುಗಿಸಿದ ಆರ್ಥರ್ ವೆಲ್ಲೆಸ್ಲಿಯೇ ಈತನು. ರಣದಲ್ಲಿ ಹಿಂದೆಗೆಯುವ ಹೊತ್ತನ್ನು ಬಲ್ಲವನಾದರೂ ರಾಜಕಾರಣದಲ್ಲಿ ಅದನ್ನು ಅರಿಯದೆ ಹೋದನು. ಆಗ ಜನವಸತಿಯಿಲ್ಲದ ಹಳೆಯ ಸಾರಮ್ ಎಂಬ ದಿಬ್ಬವು ಕಾಮನ್ಸ್ ಸಭೆಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಗಿರಣಿಗಳಿಂದ ತುಂಬಿದ ಮ್ಯಾಂಚೆಸ್ಟರಿಗೆ ಒಬ್ಬ ಸದಸ್ಯನೂ ಇರಲಿಲ್ಲ. ಹೀಗಿದ್ದೂ, ಇದ್ದ ಪದ್ಧತಿಯಲ್ಲಿ ತಿದ್ದತಕ್ಕದ್ದು ಯಾವುದೂ ಇಲ್ಲವೆಂದು ವೆಲಿಂಗ್ಟನ್ನನು 1830ರ ನವಂಬರದಲ್ಲಿ ಲಾರ್ಡ್ಸ್ ಸಭೆಯಲ್ಲಿ ಸಾರಿದನು. ಅದೇ ತಿಂಗಳಲ್ಲಿ ಅವನ ಮಂತ್ರಿಮಂಡಲವು ಉರುಳಿತು. 1832ರಲ್ಲಿ ವಿಗ್ಗರು ಸುಧಾರಣೆಯ ಶಾಸನವನ್ನು ಮಾಡಿದರು. ಆ ವರ್ಷದ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ 658 ಸ್ಥಾನಗಳ ಪೈಕಿ ಟೋರಿಗಳಿಗೆ 200 ಕೂಡ ಸಿಗಲಿಲ್ಲ.

ಸತ್ತೇ ಹೋಯಿತೆಂದು ತಿಳಿದ ಪಕ್ಷವನ್ನು ಎಬ್ಬಿಸಿದವನು ಸರ್ ರಾಬರ್ಟ್ ಪೀಲನು. 1834ರ ಡಿಸೆಂಬರದಲ್ಲಿ ತನ್ನ ಟ್ಯಾಮ್‌ವರ್ತ್ ಕ್ಷೇತ್ರದ ಮತದಾರರಿಗೆ ಬರೆದ ಪ್ರಕಟನೆಯಲ್ಲಿ, 1832ರ ಶಾಸನವನ್ನು ಕೊನೆಯ ತೀರ್ಮಾನವೆಂದು ತಾನು ಒಪ್ಪಿದ್ದೇನೆಂದೂ, ನಿಜವಾದ ಅನ್ಯಾಯಗಳನ್ನು ಪರಿಶೀಲಿಸಿ ತಿದ್ದುವೆನೆಂದೂ, ಹಳೆಯ ಸಂಸ್ಥೆಗಳ ಬುಡವನ್ನು ಮಾತ್ರ ಕಡಿಯಗೊಡೆನೆಂದೂ ಹೇಳಿದನು. ಟೋರಿ ಎಂಬ ಹೆಸರಿನ ಸ್ಥಾನಕ್ಕೆ ಕನ್ಸರ್ವೆಟಿವ್, ಅಂದರೆ ಸಂರಕ್ಷಕ, ಎಂಬ ಹೆಸರು ಬಳಕೆಗೆ ಬಂದುದು ಈ ಕಾಲದಲ್ಲಿಯೇ. 1841ರಲ್ಲಿ ಪಕ್ಷಕ್ಕೆ ಬಹುಮತವು ದೊರೆಯಿತು.

ಆದರೆ ಪರೀಕ್ಷೆಯು ಬೇಗನೆ ಒದಗಿತು. 1815ರಿಂದ ಪರದೇಶದ ಧಾನ್ಯವನ್ನು ತಡೆಯುವ ಕಾಯಿದೆಗಳಿದ್ದವು. ಅವುಗಳಿಂದ ಭೂಮಾಲಿಕರಿಗೆ ಲಾಭ, ಬಡವನಿಗೆ ತುಟ್ಟಿಯ ರೊಟ್ಟಿ. 1845ರಲ್ಲಿ ಐರ್ಲಂಡದ ಬಟಾಟೆಯ ಬೆಳೆಗೆ ರೋಗ ತಗಲಿ ಕ್ಷಾಮದ ನೆರಳು ಬಿತ್ತು. ಪೀಲನು ಆ ಕಾಯಿದೆಗಳನ್ನು ತೆಗೆಯಲು ನಿಶ್ಚಯಿಸಿದನು. ಅವನ ಪಕ್ಷದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಅವನಿಗೆ ವಿರುದ್ಧವಾಗಿ ಮತಕೊಟ್ಟರು. ವಿಗ್ಗರ ನೆರವಿನಿಂದ 1846ರಲ್ಲಿ ಕಾಯಿದೆಗಳು ಹೋದವು. ಅದರ ಬೆನ್ನಿಗೇ ಪೀಲನ ಅಧಿಕಾರವೂ ಹೋಯಿತು. ಒಡೆದ ಪಕ್ಷಕ್ಕೆ ಮತ್ತೆ ಬಹುಮತವು ಸಿಕ್ಕಿದ್ದು 1874ರಲ್ಲಿ. ಪೀಲನು ದ್ರೋಹಿಯೋ ದೇಶಹಿತೈಷಿಯೋ ಎಂಬ ವಾದವು ಅಲ್ಲಿ ಬಹುಕಾಲ ನಡೆಯಿತು. ಪಕ್ಷಕ್ಕಿಂತ ಜನರ ಅನ್ನವು ದೊಡ್ಡದೆಂದು ನಡೆದವನನ್ನು ನಾವಂತೂ ದ್ರೋಹಿಯೆನ್ನಲಾರೆವು.

ನಡುವೆ 1867ರಲ್ಲಿ, ಅಲ್ಪಮತದಲ್ಲಿದ್ದ ಡರ್ಬಿ ಮತ್ತು ಡಿಸ್ರೇಲಿಯವರ ಮಂತ್ರಿಮಂಡಲವು ಪಟ್ಟಣದ ಕೂಲಿಕಾರರಿಗೂ ಮತದ ಹಕ್ಕನ್ನು ಕೊಟ್ಟು ಮತದಾರರ ಸಂಖ್ಯೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು. ಕನ್ನಡಿಗರು ಆ ವರ್ಷವನ್ನು ಇನ್ನೊಂದು ಕಾರಣಕ್ಕಾಗಿಯೂ ನೆನೆಯಬೇಕು. 1831ರಿಂದ ಮೈಸೂರು ಬ್ರಿಟಿಷರ ಆಡಳಿತದಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ತೆಗೆದುಕೊಂಡ ದತ್ತುವಿಗೆ ರಾಜ್ಯದ ಹಕ್ಕಿಲ್ಲವೆಂದು ಇಲ್ಲಿಯ ಸರ್ಕಾರವು ವಾದಿಸುತ್ತಿತ್ತು. ಅದನ್ನು ಬದಿಗಿರಿಸಿ, ದತ್ತುಪುತ್ರರಿಗೆ ರಾಜ್ಯವು ಸಲ್ಲಬೇಕೆಂಬ ನಿರ್ಧಾರವನ್ನು ಕಳಿಸಿದವನು ಇದೇ ಮಂತ್ರಿಮಂಡಲದ ಭಾರತಮಂತ್ರಿ ಸರ್ ಸ್ಟಾಫರ್ಡ್ ನಾರ್ತ್‌ಕೋಟನು. ಹಳೆಯ ವಂಶಗಳನ್ನು ಉಳಿಸುವುದು ಆ ಪಕ್ಷದ ಸ್ವಭಾವಕ್ಕೆ ಒಪ್ಪಿದ್ದೇ. 1881ರಲ್ಲಿ ಅದು ಕಾರ್ಯರೂಪಕ್ಕೆ ಬಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯಾಧಿಕಾರವು ದೊರೆಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆಗೆ ಅಪಚಾರವಾದೀತು. 1874ರಲ್ಲಿ ಗೆದ್ದ ಡಿಸ್ರೇಲಿಯು 1875ರಲ್ಲಿ ಸಾರ್ವಜನಿಕ ಆರೋಗ್ಯದ ಶಾಸನವನ್ನೂ, ಕೂಲಿಕಾರರ ವಸತಿಯ ಶಾಸನವನ್ನೂ ಮಾಡಿಸಿದನು. ಮತವನ್ನು ಪಡೆದ ಬಡವನ ಮನೆ, ನೀರು, ಗಟಾರಗಳ ಚಿಂತೆ ಪಾರ್ಲಿಮೆಂಟಿಗೆ ಹತ್ತಿತು. ಅದೇ ಡಿಸ್ರೇಲಿಯು ಆರಿಸಿ ಕಳಿಸಿದ ವೈಸರಾಯ ಲಿಟ್ಟನ್ನನು 1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಿದಾಗ, ಮೈಸೂರು, ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆಗಳಲ್ಲಿ ಕ್ಷಾಮವು ಜನರನ್ನು ನುಂಗುತ್ತಿತ್ತು. ಮದರಾಸು ಇಲಾಖೆಯ ಪರಿಹಾರ ಕೆಲಸಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಿಂದ ಕೂಲಿಯನ್ನು ಇಳಿಸಿದ್ದೂ ಆ ವರ್ಷವೇ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಮಹಾಶಯರೇ, ಒಂದೇ ಪಕ್ಷ, ಒಬ್ಬನೇ ಪ್ರಧಾನಿ. ಅಲ್ಲಿ ಅಂಥ ದಯೆ, ಇಲ್ಲಿ ಇಂಥ ನಿರ್ದಯೆ ಹೇಗೆ ಬಂದಿತು? ಅಲ್ಲಿಯ ಕೂಲಿಕಾರನ ಕೈಯಲ್ಲಿ ಮತವಿತ್ತು; ಇಲ್ಲಿಯ ರೈತನ ಕೈಯಲ್ಲಿ ಇರಲಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಇದಕ್ಕಿಂತ ದೊಡ್ಡ ಕಾರಣವು ನಮಗೆ ಕಾಣುವುದಿಲ್ಲ.

ಆದುದರಿಂದ ಈ ಚರಿತ್ರೆಯಿಂದ ನಾವು ಎರಡು ಮಾತುಗಳನ್ನು ಗ್ರಹಿಸಬೇಕು. ಸಂರಕ್ಷಣೆ ಬೇರೆ, ಹಟಮಾರಿತನ ಬೇರೆ. ವೆಲಿಂಗ್ಟನ್ನನು ಎಲ್ಲವನ್ನೂ ಹಿಡಿಯಹೋಗಿ ಕಳೆದುಕೊಂಡನು. ಪೀಲನು ಬಿಡತಕ್ಕದ್ದನ್ನು ಬಿಟ್ಟು ಪಕ್ಷವನ್ನು ಎಬ್ಬಿಸಿದನು. ನಾವು ನಮ್ಮ ಭಾಷೆ, ಕಲೆ, ಊರ ಕೆರೆಗಳನ್ನು ಕಾಯಹೊರಟಾಗ ಈ ವಿವೇಕವು ಬೇಕು. ಎರಡನೆಯದಾಗಿ, ಪಕ್ಷದ ಹೆಸರನ್ನೂ ತತ್ವವನ್ನೂ ನೋಡಿ ಮರುಳಾಗದೆ, ಮತವಿಲ್ಲದವರ ವಿಷಯದಲ್ಲಿ, ದನಿಯಿಲ್ಲದವರ ವಿಷಯದಲ್ಲಿ ಅದು ಹೇಗೆ ನಡೆಯಿತೆಂದು ಕೇಳಬೇಕು. 1952ರ ಮೊದಲ ಮಹಾಚುನಾವಣೆಯಿಂದ ನಮ್ಮ ಪ್ರಾಪ್ತವಯಸ್ಕರೆಲ್ಲರಿಗೂ ಮತವು ಬಂದಿದೆ. ಶಿಕ್ಷಕ ಬಂಧುಗಳು ಇಂಗ್ಲಂಡದ ಚರಿತ್ರೆಯನ್ನು ಪಾಠ ಹೇಳುವಾಗ ಅರಸರ ಪಟ್ಟಿಯೊಡನೆ 1846ನ್ನೂ 1877ನ್ನೂ ಅಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಬೇಕೆಂದು ಬಿನ್ನವಿಸುತ್ತೇವೆ.