ಕಲ್ಲಿನಲ್ಲಿ ಉಳಿದ ಕಂದ

ದಾವಣಗೆರೆಗೆ ಹೆಚ್ಚು ದೂರವಿಲ್ಲದ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ವೇಳೆಗೆ ತುಂಗಭದ್ರೆಯ ದಡದ ಮೇಲೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಶಿಲ್ಪಕ್ಕೆ ಹೆಸರಾಗಿರುವಂತೆ ಶಾಸನಗಳಿಗೂ ಹೆಸರಾಗಿದೆ. ಆ ಕಾಲದ ಪ್ರಶಸ್ತಿ ಶಾಸನಗಳಲ್ಲಿ ಗದ್ಯದ ನಡುವೆ ಕಂದ, ವೃತ್ತಗಳು ಧಾರಾಳವಾಗಿ ಬರುವುದರಿಂದ, ಅವುಗಳನ್ನು ಓದುವವರಿಗೆ ಲಿಪಿಜ್ಞಾನದ ಜೊತೆಗೆ ಛಂದಸ್ಸಿನ ತಿಳಿವೂ ಬೇಕಾಗುತ್ತದೆ.

ಕನ್ನಡ ಛಂದಸ್ಸಿನ ಚರಿತ್ರೆ ನಮಗೆ ಮೊದಲು ಕಾಣಸಿಗುವುದೂ ಕಲ್ಲಿನಲ್ಲಿಯೇ. ಸುಮಾರು 700ಕ್ಕೆ ಸೇರಿದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ದೇಸಿಯ ತ್ರಿಪದಿಯಿದೆ. 10ನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಕನ್ನಡದ ಪದ್ಯಜಾತಿಗಳಿಗೆ ಲಕ್ಷಣ ಹೇಳಿದನು.

ಪದ್ಯವನ್ನು ಗುರು, ಲಘುಗಳಾಗಿ ಬಿಡಿಸಿ ನೋಡುವುದಕ್ಕೆ ಪ್ರಸ್ತಾರ ಹಾಕುವುದು ಎನ್ನುತ್ತಾರೆ. ಹ್ರಸ್ವಾಕ್ಷರವು ಒಂದು ಮಾತ್ರೆಯ ಲಘು. ದೀರ್ಘಾಕ್ಷರವೂ, ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರವೂ, ಒತ್ತಕ್ಷರದ ಹಿಂದಿನ ಅಕ್ಷರವೂ ಎರಡು ಮಾತ್ರೆಯ ಗುರು. ಕಂದಪದ್ಯದ ನಾಲ್ಕು ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳಿದ್ದು, ಅವು ನಾಲ್ಕು ಮಾತ್ರೆಗಳ 16 ಗಣಗಳಾಗಿ ಒಡೆಯುತ್ತವೆ. ಪ್ರತಿ ಅರ್ಧದ ಆರನೆಯ ಗಣವು ನಡುವೆ ಗುರುವುಳ್ಳ ಜಗಣವಾಗಿರಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ‘ಹರಿಹರ’ ಎಂಬ ಹೆಸರಿನಲ್ಲಿ ನಾಲ್ಕು ಲಘುಗಳಿರುವುದರಿಂದ ಅದು ಆ ಬಿಗಿಯಾದ ಸ್ಥಾನದಲ್ಲಿ ಸಲೀಸಾಗಿ ಕೂರುತ್ತದೆ; ಮೊದಲಲ್ಲೇ ಗುರುವಿರುವ ‘ಹೊಯ್ಸಳ’ಕ್ಕೆ, ಮಾತ್ರೆ ನಾಲ್ಕೇ ಆದರೂ, ಅಲ್ಲಿ ಎಡೆಯಿಲ್ಲ. ‘ಹರಿಹರಕ್ಷೇತ್ರ’ ಎಂದೊಡನೆ ಒತ್ತಕ್ಷರದ ಹಿಂದಿನ ರಕಾರ ಗುರುವಾಗಿ, ಹೆಸರಿನ ಭಾಗವೇ ಐದು ಮಾತ್ರೆಯಾಗಿಬಿಡುತ್ತದೆ.

ಇದರ ಜೊತೆಗೆ ಆದಿಪ್ರಾಸವಿದೆ: ಎಲ್ಲ ಪಾದಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಸ್ವರ ಬೇರೆಯಾಗಬಹುದು. ಪದ್ಯವೊಂದು ‘ಹರಿಹರ’ ಎಂದು ಮೊದಲಾದರೆ ಉಳಿದ ಪಾದಗಳು ‘ಧರೆ’, ‘ಸಿರಿ’, ‘ವರ’ ಇಂಥ ಶಬ್ದಗಳಿಂದ ಹೊರಡಬೇಕು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿರುವ ಈ ಬಗೆಗೆ ಸಿಂಹಪ್ರಾಸವೆಂದು ಹೆಸರು. ಮಳೆ ಗಾಳಿಗೆ ಸವೆದ ಶಾಸನದಲ್ಲಿ ಒಂದು ಪಾದದ ಮೊದಲಕ್ಷರಗಳು ಅಳಿದಿದ್ದರೂ, ಪ್ರಾಸವು ಅಲ್ಲಿದ್ದ ವ್ಯಂಜನವನ್ನೂ ಮಾತ್ರೆಯ ಲೆಕ್ಕವು ಅಕ್ಷರಗಳ ಅಳತೆಯನ್ನೂ ತಿಳಿಸುತ್ತವೆ. ಛಂದಸ್ಸು ಬರಿಯ ಅಲಂಕಾರವೆಂದು ಬಗೆಯುವವರು ಈ ಉಪಕಾರವನ್ನು ಮನಗಾಣಬೇಕು, ಏಕೆಂದರೆ ಕಳೆದುಹೋದ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಅಪರೂಪ.

ರಾಘವಾಂಕನಿಂದ ನೆಲೆಗೊಂಡ ಷಟ್ಪದಿಕಾವ್ಯಗಳೂ ಈ ಪ್ರಾಸವನ್ನು ಬಿಡಲಿಲ್ಲ, ಆರೂ ಪಾದಗಳಲ್ಲಿ ಪಾಲಿಸಿದವು. 1875ರಲ್ಲಿ ಕಿಟೆಲ್ಲರು ‘ಛಂದೋಂಬುಧಿ’ಯನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಮೇಲೆ ಹಳೆಯ ಲಕ್ಷಣಗಳು ಹೆಚ್ಚು ಜನರ ಕೈಗೆ ಸಿಕ್ಕವು. ಆ ಕಟ್ಟನ್ನು 1911ರಲ್ಲಿ ಸಡಿಲಿಸಿದವರು, ಸ್ವತಃ ಪ್ರಾಚೀನ ಚರಿತ್ರೆಯ ಸಂಶೋಧಕರಾಗಿದ್ದ ಮಂಜೇಶ್ವರದ ಗೋವಿಂದ ಪೈಗಳು; ಅವರು ಆದಿಪ್ರಾಸವನ್ನು ಕೈಬಿಟ್ಟು ಬರೆದ ಬಳಿಕ, ಹೊಸ ಕವಿತೆಯ ಲಯವನ್ನು ಅರಸುವವರು ಎರಡನೆಯ ಅಕ್ಷರವನ್ನು ಬಿಟ್ಟು, ಮೂರು, ನಾಲ್ಕು, ಐದು ಮಾತ್ರೆಗಳ ನಡೆಗೆ ಕಿವಿಗೊಡಬೇಕಾಯಿತು.