ಎಮ್ಮೆಯ ಬ್ಯಾನಿ ಹೇಳುವ ಹಾಗೆ ನಿಮ್ಮದನ್ನೂ ಹೇಳಿ

(ಸೂಡಿಯಲ್ಲಿ ಸೇರಿದ್ದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಎಮ್ಮೆಗೆ ಆರಾಮ ತಪ್ಪಿದರೆ ನನಗೆ ಹೇಗೆ ಹೇಳುತ್ತೀರಿ? "ನಿನ್ನೆ ಸಂಜಿಂದ ಮೆಲುಕು ಹಾಕಿಲ್ರಿ, ಹಾಲು ಒಂದು ಲೀಟರ್ ಕಡಿಮಿ ಆಗೇತಿ, ಕಿವಿ ತಣ್ಣಗದಾವ." ಅರ್ಧ ರೋಗ ಅಲ್ಲಿಗೇ ತಿಳಿಯುತ್ತದೆ. ಅದೇ ತಾಯಿ ತನಗಾಗಿ ದವಾಖಾನೆಗೆ ಹೋದರೆ "ಮೈಯಾಗ ಆರಾಮಿಲ್ರಿ" ಎಂದಷ್ಟೇ ಹೇಳುತ್ತಾಳೆ.

ನಮ್ಮ ಅಕ್ಕನಿಗೆ ರುಮಟಾಯ್ಡ್ ಸಂಧಿವಾತ. ದೇಹ ಕಾಯುವ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ರೋಗ ಇದು, ಕಾವಲು ನಾಯಿ ಮನೆಯವರನ್ನೇ ಕಚ್ಚಿದಂತೆ. ಮಾತ್ರೆ ಕೊಟ್ಟು ಆ ನಾಯಿಯ ಬಾಯಿಗೆ ಕುಕ್ಕೆ ಕಟ್ಟುತ್ತಾರೆ. ಆಮೇಲೆ ಕಳ್ಳ ಬಂದರೂ ಅದು ಜೋರಾಗಿ ಬೊಗಳದು. ಹೊಸ ಸೋಂಕು ತಗುಲಿದರೂ ಜ್ವರ ಸಣ್ಣಗೇ ಇರಬಹುದು.

ಅಕ್ಕನಿಗೆ ಸಂಜೆ ಜ್ವರ, ರಾತ್ರಿ ಬೆವರು, ಸೊಂಟನೋವು ಶುರುವಾದವು. ಮೂರು ಸಲ ದವಾಖಾನೆಗೆ ಹೋದಳು. ಮೂರು ಸಲವೂ "ಅದು ನಿಮ್ಮ ಹಳೇ ಕೀಲುನೋವೇ" ಎಂಬ ಉತ್ತರ. ವೈದ್ಯರದೊಂದೇ ತಪ್ಪೆನ್ನಲಾರೆ. ಎರಡು ತಿಂಗಳ ಹಿಂದೆ ಅವಳ ಎಮ್ಮೆ ಕಂದು ಹಾಕಿತ್ತು. ಬರಿಗೈಯಿಂದ ಮಾಸು ತೆಗೆದಿದ್ದಳು. ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ದನದ ಡಾಕ್ಟರಾದ ನನಗೂ ಹೊಳೆಯಲಿಲ್ಲ, ಅದೇ ನಾಚಿಕೆ. ಕಡೆಗೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದನ್ನು ಓದಿ ವೈದ್ಯರು ಬೇರೆ ರಕ್ತಪರೀಕ್ಷೆ ಬರೆದರು. ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ! ಆರು ವಾರ ಔಷಧಿ ನಡೆಯಿತು. ಈ ರೋಗದಲ್ಲೂ ಕೀಲು ನೋಯುತ್ತವೆ, ಮೋಸಹೋಗುವುದು ಅಲ್ಲೇ. ಇದಕ್ಕೆ ಪ್ರತ್ಯೇಕ ಪರೀಕ್ಷೆಯೇ ಆಗಬೇಕು. ಕ್ಷಯವೂ ಹೀಗೆಯೇ ಮರೆಯಲ್ಲಿ ಕೂರುತ್ತದೆ.

ಚೀಟಿ ನೀವೂ ಬರೆಸಿಕೊಂಡು ಹೋಗಿ. ಹೊಸ ತೊಂದರೆ ಎಂದು ಶುರುವಾಯಿತು, ಯಾವ ಹೊತ್ತಿಗೆ ಹೆಚ್ಚು, ಹಳೇ ನೋವಿಗಿಂತ ಹೇಗೆ ಬೇರೆ, ಯಾವ ಕೆಲಸ ನಿಂತಿತು (ಹಾಲು ಹಿಂಡಲು ಆಗುತ್ತಿಲ್ಲ ಎಂಬುದನ್ನೂ ಬರೆಸಿ), ನುಂಗುವ ಮಾತ್ರೆಗಳಾವುವು, ಮನೆಯಲ್ಲಿ ದನ ಕಂದು ಹಾಕಿತ್ತೇ. ಕೊಟ್ಟ ಮೇಲೆ ಕೇಳಿ: "ಸಾಹೇಬ್ರ, ಇದು ಹಳೇದಲ್ಲರಿ. ಮತ್ತ್ಯಾವ ರೋಗ ಇರಬಹುದು? ಅದಿಲ್ಲಂತ ಹೆಂಗ ತಿಳೀತು?" ಇದು ಉದ್ಧಟತನವಲ್ಲ. ನನ್ನನ್ನು ಹೀಗೆ ಕೇಳುವ ರೈತರೇ ನನಗೆ ಮೆಚ್ಚು. ಆದರೂ ಉತ್ತರ ಸಿಗದಿದ್ದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡಲು ಹೇಳಿ.

ಮೆಥೊಟ್ರೆಕ್ಸೇಟ್ ಮಾತ್ರೆ ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ, ದಿನಾ ಅಲ್ಲ. ಅದನ್ನು ನುಂಗುವವರಿಗೆ ಬಾಯಿಹುಣ್ಣು, ಜ್ವರ, ಒಣಕೆಮ್ಮು, ದಮ್ಮು ಬಂದರೆ ಸಂತೆ ಮುಗಿಸಿ ಹೋಗೋಣ ಎನ್ನಬೇಡಿ, ಅಂದೇ ತೋರಿಸಿ. ಸ್ಟಿರಾಯ್ಡ್ ಮಾತ್ರೆ ತಾವಾಗಿ ಒಮ್ಮೆಲೇ ಬಿಡಬೇಡಿ.

ಇನ್ನು ಕೊಟ್ಟಿಗೆಯ ಮಾತು. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆ ಒಂದೇ ಸಲ, ಗಂಡುಕರುಗಳಿಗೆ ಇಲ್ಲ. ಬಿದ್ದ ಕಂದು, ಮಾಸು ನಾಯಿಗೆ ಎಸೆಯದೆ ಕೈಗವಸು ಹಾಕಿಕೊಂಡು ಎತ್ತಿ, ಸುಣ್ಣ ಸುರಿದು ಆಳವಾಗಿ ಹೂಳಿ. ಕರುಗಳಿದ್ದವರು ಈಗಲೇ ಹೆಸರು ಬರೆಸಿ ಹೋಗಿ.