ವಕಾರಸಾಲು: ಒಂದು ಪೇಟೆಯ ಹುಟ್ಟು ಮತ್ತು ತೆರವು

(ಬಾನುಲಿ ಭಾಷಣ)

ಊರಿನ ಚರಿತ್ರೆಯೆಂದರೆ ನಮ್ಮ ಕಣ್ಣು ಮೊದಲು ಹರಿಯುವುದು ಗುಡಿಗಳ ಕಡೆಗೆ, ಶಾಸನಗಳ ಕಡೆಗೆ, ಕಾವ್ಯಗಳ ಕಡೆಗೆ. ಗದಗ ಸೀಮೆಯ ಮಟ್ಟಿಗೆ ಈ ಹುಡುಕಾಟ ಬಹುಬೇಗ ಫಲ ಕೊಡುತ್ತದೆ. ತ್ರಿಕೂಟೇಶ್ವರನ ಆಲಯ, ಅದರ ಆವರಣದಲ್ಲಿರುವ ಸರಸ್ವತಿಯ ಗುಡಿ, ನಾರಣಪ್ಪನು ಕುಳಿತು ಭಾರತ ಬರೆದನೆಂದು ಜನ ನಂಬುವ ವೀರನಾರಾಯಣನ ಸನ್ನಿಧಿ ಇವೆಲ್ಲ ಗದಗದಲ್ಲಿವೆ. ತುಸು ದೂರದ ಲಕ್ಷ್ಮೇಶ್ವರವೆಂದರೆ ಪಂಪನು ನೆನೆದ ಪುಲಿಗೆರೆ. ಶಿರಹಟ್ಟಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠವಿದೆ. ಮುಂಡರಗಿಯ ಹೆಸರಿನೊಡನೆ 1858ರಲ್ಲಿ ಬ್ರಿಟಿಷರ ವಿರುದ್ಧ ಖಡ್ಗ ಹಿಡಿದ ಭೀಮರಾಯನ ಹೆಸರು ಅಂಟಿಕೊಂಡಿದೆ. ಇವನ್ನು ಕುರಿತು ಬರೆದವರುಂಟು, ಹಾಡಿದವರುಂಟು. ಆದರೆ ಜನ ದುಡಿದ, ಕೊಂಡ, ಮಾರಿದ ಓಣಿಗಳಿಗೆ ಶಾಸನಗಳಿಲ್ಲ. ಅವು ಹುಟ್ಟುವಾಗ ಯಾರೂ ಕಲ್ಲು ಕೆತ್ತಿಸುವುದಿಲ್ಲ. ಅಳಿಯುವಾಗ ಯಾರೂ ಚರಮಗೀತೆ ಬರೆಯುವುದಿಲ್ಲ. ಅಂಥ ಒಂದು ಪೇಟೆಯ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದರ ಹೆಸರು ವಕಾರಸಾಲು.

ಮೊದಲು ಹೆಸರನ್ನೇ ನೋಡೋಣ. ಭಾಷೆಯನ್ನು ಪಾಠ ಹೇಳಿ ಬದುಕಿದವನಿಗೆ ಇದು ಅನಿವಾರ್ಯವಾದ ಚಪಲ. ‘ವಖಾರ’ ಎಂಬುದು ಮರಾಠಿಯಲ್ಲಿ ಬಳಕೆಯಲ್ಲಿರುವ ಮಾತು. ಸರಕು ಕೂಡಿಡುವ ಉಗ್ರಾಣವೆಂದು ಅದರ ಅರ್ಥ. ಈಸ್ಟ್ ಇಂಡಿಯಾ ಕಂಪನಿಯವರು ಸುರತೆಯಲ್ಲಿ ಕಟ್ಟಿಕೊಂಡಿದ್ದ ಮಳಿಗೆಯನ್ನೂ ಮರಾಠಿ ಬರಹಗಾರರು ವಖಾರವೆಂದೇ ಕರೆದರು. ಆ ಮಾತು ನಮ್ಮ ಕಡೆಗೆ ಬಂದು ತನ್ನ ಮಹಾಪ್ರಾಣವನ್ನು ಕಳೆದುಕೊಂಡು ‘ವಕಾರ’ವಾಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಗದಗ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿಯ ಕಾಗದ, ಪೇಟೆಯ ಲೆಕ್ಕ, ಅಡತಿ ಅಂಗಡಿಯ ಖಾತೆಕೀರ್ದಿ ಇವುಗಳ ಮೇಲೆಲ್ಲ ಮರಾಠಿಯ ನೆರಳು ಬಿದ್ದಿತ್ತು. ಮನೆಯ ಮಾತು ಕನ್ನಡ, ಮಾರಾಟದ ಮಾತಿನಲ್ಲಿ ಅರ್ಧ ಮರಾಠಿ. ಈ ಒಂದು ಶಬ್ದದಲ್ಲಿ ನಮ್ಮ ನಾಡು ಹರಿದು ಹಂಚಿಹೋಗಿದ್ದ ಕಾಲದ ಚರಿತ್ರೆಯೇ ಅಡಗಿದೆ.

ಇನ್ನು ವಕಾರಗಳಲ್ಲಿ ಕೂಡಿಟ್ಟ ಸರಕು ಯಾವುದು? ಹತ್ತಿ. ಗದಗದ ಸುತ್ತ ಹರಡಿಕೊಂಡಿರುವುದು ಎರೆಭೂಮಿ. ಕಪ್ಪತಗುಡ್ಡದ ಆಚೀಚೆ ಒಂದಷ್ಟು ಮಸಾರಿಯನ್ನು ಬಿಟ್ಟರೆ ಉಳಿದುದೆಲ್ಲ ಹಿಂಗಾರಿ ಬೆಳೆಗೆ ಹೇಳಿಮಾಡಿಸಿದ ನೆಲ. ರೈಲು ಬರುವ ಮೊದಲು ಇಲ್ಲಿಯ ಹತ್ತಿ ಎತ್ತಿನ ಬೆನ್ನ ಮೇಲೆ, ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಆ ದೇಶದ ಹತ್ತಿ ಲ್ಯಾಂಕಾಶಾಯರಿನ ಗಿರಣಿಗಳಿಗೆ ತಲುಪದಾಯಿತು. ನಮ್ಮ ಹತ್ತಿಗೆ ಕಂಡರಿಯದ ಬೆಲೆ ಬಂತು. ಸಾವಿರಾರು ಹರದಾರಿ ಆಚೆ ಗುಂಡು ಹಾರಿದರೆ ನಮ್ಮ ಎರೆಹೊಲದ ರೈತನ ಮನೆಗೆ ಬಂಗಾರ ಬಂದಿತು, ಯುದ್ಧ ನಿಂತಾಗ ಅದೇ ರೈತನ ಮನೆಗೆ ಸಾಲ ಬಂದಿತು. ಜಗತ್ತಿನ ಮಾರುಕಟ್ಟೆ ಎಂಬುದು ನಮಗೆ ಹೊಸದಲ್ಲ.

1884ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹೋಟಗಿಯಿಂದ ಗದಗಕ್ಕೆ ಹಳಿ ಹಾಕಿದರು. ಮುಂದೆ ಹುಬ್ಬಳ್ಳಿಯ ಕಡೆಗೂ ಬಳ್ಳಾರಿಯ ಕಡೆಗೂ ದಾರಿ ತೆರೆದು ಗದಗ ಜಂಕ್ಷನ್ ಆಯಿತು. ಕುಮಟೆಯ ದಾರಿ ಹಿಡಿಯುತ್ತಿದ್ದ ಹತ್ತಿ ಗದಗದ ನಿಲ್ದಾಣಕ್ಕೆ ತಿರುಗಿತು. ಹತ್ತಿ ಬಂದಮೇಲೆ ಅದನ್ನು ಇಳಿಸುವುದಕ್ಕೆ, ತೂಗುವುದಕ್ಕೆ, ರಾಶಿ ಹಾಕುವುದಕ್ಕೆ ಬಯಲು ಬೇಕು. ಮಳೆಯಿಂದ ಕಾಯುವುದಕ್ಕೆ ಮಾಡು ಬೇಕು. ಹೀಗೆ ಊರಿನ ಸ್ವತ್ತಾದ ನೆಲದಲ್ಲಿ ಹತ್ತಿಯ ವ್ಯಾಪಾರಸ್ಥರಿಗೆ ಗುತ್ತಿಗೆಯ ಮೇಲೆ ಜಾಗಗಳನ್ನು ಕೊಟ್ಟುದರಿಂದ ಸಾಲುಸಾಲಾಗಿ ಎದ್ದುನಿಂತವು ಈ ವಕಾರಗಳು. ಈಚಿನವರೆಗೂ ನಗರಸಭೆಯ ಲೆಕ್ಕದಲ್ಲಿ ಇವು 54.

ನಾನು ಮುಂಡರಗಿ ಕಡೆಯ ಹಳ್ಳಿಯವನು. ಎಪ್ಪತ್ತರ ದಶಕದ ಮೊದಲಲ್ಲಿ ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಯ ಮೇಲೆ ಹಿರಿಯರೊಡನೆ ಗದಗಕ್ಕೆ ಬಂದ ನೆನಪು ನನಗಿದೆ. ಸಂಜೆ ಕೊಳ್ಳ ಬಿಚ್ಚಿ, ಎತ್ತುಗಳಿಗೆ ಮೇವು ಹಾಕಿ, ರೊಟ್ಟಿಯ ಗಂಟು ಬಿಚ್ಚುವ ಹೊತ್ತಿಗೆ ಅಡತಿಯವರ ಗುಮಾಸ್ತ ಬಂದು, ‘ಯಜಮಾನ್ರ, ಈ ಸಲ ಮಾಲು ಹ್ಯಾಂಗೈತ್ರಿ?’ ಎಂದು ಕೇಳುತ್ತಿದ್ದ. ಆ ಪ್ರಶ್ನೆಯಲ್ಲಿ ಸೌಜನ್ಯವೂ ಇತ್ತು, ಬೆಲೆ ಇಳಿಸುವ ಹಂಚಿಕೆಯೂ ಇತ್ತು. ವಕಾರವೆಂದರೆ ಕೇವಲ ಸಾವಕಾರರ ಉಗ್ರಾಣವಲ್ಲ. ಹಮಾಲರು, ತೂಕದವರು, ಹತ್ತಿ ಬಿಡಿಸುವ ಹೆಣ್ಣುಮಕ್ಕಳು, ಚಕ್ಕಡಿಯ ಕೀಲಿಗೆ ಎಣ್ಣೆ ಮಾರುವವನು, ಗಾಲಿಗೆ ಹಳಿ ಕಟ್ಟುವ ಕಮ್ಮಾರ, ಚಹದ ಅಂಗಡಿಯವನು ಇವರೆಲ್ಲರೂ ಸೇರಿ ಅದು ಒಂದು ಪೇಟೆಯಾಗಿತ್ತು. ಅದನ್ನು ಸ್ವರ್ಗವೆಂದು ವರ್ಣಿಸಲಾರೆ. ತೂಕದಲ್ಲಿ ಮೋಸವಿತ್ತು, ಸಾಲದ ಹಗ್ಗವಿತ್ತು, ಹಮಾಲನ ಬೆನ್ನು ನಲವತ್ತಕ್ಕೇ ಬಾಗುತ್ತಿತ್ತು. ಆದರೆ ಬರಿಗೈಯಲ್ಲಿ ಬಂದವನು ಸಂಜೆಗೆ ನಾಲ್ಕು ದುಡ್ಡು ಕಾಣಬಹುದಾದ ಜಾಗ ಅದಾಗಿತ್ತು.

ಇಂಥ ಪೇಟೆ ಹೇಗೆ ಬರಿದಾಯಿತು? ಮೊದಲನೆಯ ಕಾರಣ ಒಳ್ಳೆಯದೇ. 1966ರ ಕೃಷಿ ಉತ್ಪನ್ನ ಮಾರುಕಟ್ಟೆಯ ಕಾಯಿದೆಯಿಂದ ವ್ಯಾಪಾರವು ನಿಯಂತ್ರಿತ ಪ್ರಾಂಗಣಗಳಿಗೆ ಸರಿಯುವಂತಾಯಿತು. ತೂಕ, ಹರಾಜು ಎಲ್ಲರ ಕಣ್ಣೆದುರಿಗೆ ನಡೆಯತೊಡಗಿದವು. ಎರಡನೆಯದು, ಲಾರಿಗಳು ಬಂದು ಸರಕು ಕೂಡಿಡುವ ರೀತಿಯೇ ಬದಲಾದದ್ದು. ಮೂರನೆಯದು, ಹೊಲದಲ್ಲಿ ಬೆಳೆಯೇ ಬದಲಾದದ್ದು. ಹತ್ತಿ ಹೋದಮೇಲೂ ಗುತ್ತಿಗೆ ಉಳಿಯಿತು, ಹೆಸರು ಉಳಿಯಿತು. ಖಾಲಿ ವಕಾರಗಳೊಳಗೆ ಸಣ್ಣಪುಟ್ಟ ಅಂಗಡಿಗಳು, ದುರಸ್ತಿಯ ಶೆಡ್ಡುಗಳು, ಹಳೆಯ ಸಾಮಾನಿನ ವ್ಯಾಪಾರ ಬಂದು ಸೇರಿದವು. ಗುತ್ತಿಗೆದಾರನೊಬ್ಬ, ಅವನ ಕೈಕೆಳಗೆ ಬಾಡಿಗೆದಾರನೊಬ್ಬ, ಆ ಬಾಡಿಗೆದಾರನ ಜಗುಲಿಯ ಮೇಲೆ ಇನ್ನೊಬ್ಬ. ಹೀಗೆ ಒಂದೇ ನೆಲಕ್ಕೆ ಮೂರು ಪದರ.

ಈ ನಡುವೆ 1997ರಲ್ಲಿ ಗದಗ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಾಲೇಜುಗಳು ಬಂದವು, 2016ರಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವೂ ಬಂತು. ಪೇಟೆಯ ನಡುವಿನ ನೆಲಕ್ಕೆ ಬೆಲೆ ಏರಿತು. ಅಮೇರಿಕೆಯಲ್ಲಿ ನೆಲೆಸಿದ ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ 1979ರಲ್ಲಿ ಒಂದು ಸರಳ ವಿಚಾರವನ್ನು ಮುಂದಿಟ್ಟ. ಒಂದು ನೆಲ ಈಗ ತರುತ್ತಿರುವ ಬಾಡಿಗೆಗೂ ಅದು ತರಬಹುದಾದ ಬಾಡಿಗೆಗೂ ನಡುವೆ ಅಂತರ ಬೆಳೆಯುತ್ತ ಹೋದರೆ, ಒಂದು ದಿನ ಆ ಅಂತರವೇ ಅಲ್ಲಿದ್ದವರನ್ನು ಎಬ್ಬಿಸುತ್ತದೆ ಎಂದು ಅವನ ವಾದ. ನಮ್ಮ ವಕಾರಸಾಲಿಗೆ ಇದಕ್ಕಿಂತ ತಕ್ಕ ವ್ಯಾಖ್ಯಾನ ಬೇಕಿಲ್ಲ. ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ, 2020ರ ಸುಮಾರಿಗೆ ಜೆಸಿಬಿ ಯಂತ್ರಗಳು ಬಂದವು, ಸಾಲು ತೆರವಾಯಿತು.

ಲಂಡನ್ನಿನ ದುಡಿಯುವವರ ಕೇರಿಗಳನ್ನು ಉಳ್ಳವರು ಕೊಂಡು, ಮನೆಗಳನ್ನು ಸಿಂಗರಿಸಿಕೊಂಡು, ಹಳೆಯ ನಿವಾಸಿಗಳು ಮೆಲ್ಲನೆ ಹೊರಬೀಳುವುದನ್ನು ಕಂಡ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಅದಕ್ಕೆ ‘ಜೆಂಟ್ರಿಫಿಕೇಶನ್’ ಎಂದು ಹೆಸರಿಟ್ಟಳು. ಕನ್ನಡದಲ್ಲಿ ಬೇಕಾದರೆ ಕುಲೀನೀಕರಣವೆನ್ನಬಹುದು. ಆದರೆ ಇಂಥ ಶಬ್ದ ಬಾಯಿಗೆ ಹತ್ತುವುದು ಕಷ್ಟ. ಮುಂಬಯಿಯಲ್ಲಿ 1982ರ ಮುಷ್ಕರದ ತರುವಾಯ ಬಟ್ಟೆಯ ಗಿರಣಿಗಳು ಮುಚ್ಚಿ, ಅವುಗಳ ನೆಲದ ಮೇಲೆ ಥಳುಕಿನ ಅಂಗಡಿಗಳೂ ಗಗನಚುಂಬಿ ಮನೆಗಳೂ ಎದ್ದದ್ದು ಇದೇ ಕಥೆಯ ದೊಡ್ಡ ರೂಪ. ನಮ್ಮದು ಸಣ್ಣ ರೂಪ.

ಆದರೂ ಒಂದು ಭೇದವನ್ನು ಮರೆಯಲಾಗದು. ಲಂಡನ್ನಿನ ಮನೆಗಳು ಖಾಸಗಿಯವು, ಮುಂಬಯಿಯ ಗಿರಣಿಗಳು ಬಹುಮಟ್ಟಿಗೆ ಖಾಸಗಿಯವು. ವಕಾರಸಾಲಿನ ನೆಲ ಊರಿನದು. ಊರಿನ ನೆಲವನ್ನು ತೀರ ಅಲ್ಪ ಬಾಡಿಗೆಗೆ ತಲೆಮಾರುಗಟ್ಟಲೆ ಕೆಲವರು ಅನುಭವಿಸುವುದು ನ್ಯಾಯವಲ್ಲ. ಅದನ್ನು ಊರು ಮರಳಿ ಪಡೆದುದು ತಪ್ಪಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ನಮ್ಮ ಹಿರಿಯರ ಮಾತು. ಗುತ್ತಿಗೆದಾರನ ಕೈಯಲ್ಲಿ ಕಾಗದವಿತ್ತು, ವಕೀಲರಿದ್ದರು. ಅವನ ಜಗುಲಿಯ ಮೇಲೆ ಕುಳಿತು ಹೊಟ್ಟೆ ಹೊರೆಯುತ್ತಿದ್ದವನ ಹತ್ತಿರ ಯಾವ ಕಾಗದವೂ ಇರಲಿಲ್ಲ. ಕಾಗದವಿಲ್ಲದವನು ಹೊರಬಿದ್ದರೆ ಅವನು ಹೊರಬಿದ್ದುದಕ್ಕೂ ಕಾಗದವಿರುವುದಿಲ್ಲ. ತೆರವಾದ ನೆಲದ ಮೇಲೆ ಎಂಥ ಭವ್ಯ ಸಂಕೀರ್ಣ ಎದ್ದರೂ, ಅದರ ಬಾಡಿಗೆ ಅಂಥವನ ಕೈಗೆಟುಕದಿದ್ದರೆ ಊರಿನ ನೆಲ ಊರಿಗೆ ಬಂದಂತಾಗದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಂತಾದೀತು.

ಗದಗದ ಜೋಡಿ ಊರಾದ ಬೆಟಗೇರಿಯನ್ನೂ ಇಲ್ಲಿ ನೆನೆಯಬೇಕು. ಅದು ನೇಕಾರರ ಊರು. ಅಲ್ಲಿ ಮನೆಯೇ ಕಾರ್ಖಾನೆ. ಕುಣಿಮಗ್ಗದ ಸುತ್ತಲೇ ಅಡುಗೆ, ತೊಟ್ಟಿಲು, ದೇವರ ಗೂಡು. ನೇಕಾರರ ಓಣಿ ಬರಿಯ ಸಂಚಾರದ ದಾರಿಯಲ್ಲ. ಹಾಸುನೂಲನ್ನು ಉದ್ದಕ್ಕೆ ಚಾಚಿ ಗಂಜಿ ಹಾಕುವುದಕ್ಕೆ ಅದೇ ಅಂಗಳ. ಮೋಟಾರುಗಳಿಗಾಗಿ ಓಣಿ ಅಗಲವಾದರೆ ಹಾಸು ಚಾಚುವ ಜಾಗ ಹೋಗುತ್ತದೆ; ಮಣ್ಣಿನ ಮನೆ ಕೆಡವಿ ಸಿಮೆಂಟಿನ ಮಾಳಿಗೆ ಕಟ್ಟಿದರೆ ಮಗ್ಗದ ಕುಣಿ ಮುಚ್ಚುತ್ತದೆ. ಅಲ್ಲಿ ಯಾರೂ ಯಾರನ್ನೂ ಎಬ್ಬಿಸಲಿಲ್ಲ; ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ, ಅಲ್ಲಿಂದ ಬಾಡಿಗೆಯ ಕೋಣೆಗಳಿಗೆ ಮನೆಗಳೇ ತಾವಾಗಿ ಮಗ್ಗುಲು ಬದಲಿಸಿದವು. ಯಂತ್ರ ಬಂದು ಕೆಡವುವುದು ಒಂದು ಬಗೆ. ಬದುಕು ಒಳಗಿನಿಂದ ಸವೆದು ಹೋಗುವುದು ಇನ್ನೊಂದು ಬಗೆ. ಎರಡನೆಯದು ಸದ್ದಿಲ್ಲದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಹಾಗಾದರೆ ಉಪಾಯವೇನು? ದೂರ ಹೋಗಬೇಕಾಗಿಲ್ಲ. ಗದಗದ ಮಗ್ಗುಲಲ್ಲಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ಮೊದಲ ಪಂಕ್ತಿಯ ಸ್ಥಾನವಿದೆ. ಸಾವಕಾರನ ಸಾಲದ ಹಗ್ಗವನ್ನು ರೈತರೇ ಕೂಡಿ ಬಿಚ್ಚಬಹುದೆಂದು ತೋರಿಸಿದ ನೆಲ ಇದು. ಆ ಬುದ್ಧಿಯನ್ನೇ ಪೇಟೆಯ ನೆಲಕ್ಕೂ ಅನ್ವಯಿಸಬಾರದೇಕೆ? ಊರಿನ ಜಾಗದಲ್ಲಿ ಒಂದು ಭಾಗವನ್ನು ಕೈಕಸುಬಿನವರ, ಸಣ್ಣ ವ್ಯಾಪಾರಿಗಳ ಸಹಕಾರ ಸಂಘಗಳಿಗೆ ಮೀಸಲಿಡಬಹುದು. ಬಾಡಿಗೆಯನ್ನು ಕಾಲಕಾಲಕ್ಕೆ ಬಹಿರಂಗವಾಗಿ ಗೊತ್ತುಮಾಡಬಹುದು. ಗುತ್ತಿಗೆ ತಲೆಮಾರಿಗೆ ಇಳಿಯದಂತೆ ನೋಡಿಕೊಳ್ಳಬಹುದು. ಇವು ಅಸಾಧ್ಯವಾದ ಮಾತುಗಳಲ್ಲ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನದು ಇನ್ನೊಂದು ಬಿನ್ನಹ. ಗದಗ ಮುದ್ರಣಾಲಯಗಳ ಊರು. ಪಠ್ಯಪುಸ್ತಕ, ಪುರಾಣ, ನಾಟಕಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಊರು. ಅಡತಿ ಅಂಗಡಿಗಳ ಹಳೆಯ ಕೀರ್ದಿ ಪುಸ್ತಕಗಳು ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ ಇದ್ದಾವು. ವಕಾರಗಳಲ್ಲಿ ದುಡಿದ ಹಮಾಲರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಬರೆದುಕೊಂಡು ಒಂದು ಪುಸ್ತಕವಾಗಿ ಅಚ್ಚುಹಾಕುವುದು ಇಲ್ಲಿಯ ಮುದ್ರಣಾಲಯಗಳಿಗೆ ಭಾರವಾದ ಕೆಲಸವಲ್ಲ. ಅಂಡಿಗೆ, ಅರಳೆ, ಅಡತಿ, ದಲಾಲಿ ಮುಂತಾದ ಒಂದು ವ್ಯವಹಾರದ ಶಬ್ದಸಂಪತ್ತೇ ಆ ಮುದುಕರೊಡನೆ ಹೊರಟುನಿಂತಿದೆ. ಜೊತೆಗೆ, ಅಲ್ಲಿ ಮುಂದೆ ಏನೇ ಕಟ್ಟಲಿ, ವಕಾರಸಾಲು ಎಂಬ ಹೆಸರನ್ನು ಮಾತ್ರ ಬದಲಿಸದಿರಲಿ. ಒಂದು ದಿನ ಯಾವನೋ ಹುಡುಗ ಆ ಫಲಕವನ್ನು ಓದಿ, ಹಾಗೆಂದರೇನು ಎಂದು ಕೇಳಿಯಾನು. ಉತ್ತರ ಹೇಳುವುದಕ್ಕೆ ಆಗ ಆ ಪುಸ್ತಕವಾದರೂ ಇರಬೇಕು.